ಆರನೇ ನಂಬರಿನ ತಂತಿ

ಮುಂದಿನ ಕೋಣೆಯಲ್ಲಿ ಮಲಗಿಸಿದ್ದ ಅಪ್ಪನ ಕಾಲ ಮೇಲಿನ ಹೊದಿಕೆಯನ್ನು ಮಗಳು ಎಳೆದು ಸರಿಮಾಡುತ್ತಿದ್ದಾಗ ಬಚ್ಚಲುಮನೆಯಲ್ಲಿದ್ದ ಬಟ್ಟೆ ಒಗೆಯುವ ಯಂತ್ರ ತಾನಾಗಿಯೇ ಗುಡುಗುಡು ತಿರುಗತೊಡಗಿತು. ಕುರ್ಚಿಗಳಲ್ಲಿ ಕೂತಿದ್ದವರ ಮಾತು ನಿಂತಿತು.

"ಯಾರಮ್ಮ ಈ ಹೊತ್ತಲ್ಲಿ ಬಟ್ಟೆ ಹಾಕಿದ್ದು?" ಎಂದರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು.

"ಅಪ್ಪನೇ. ಮೊನ್ನೆ ಸಂಜೆ ತುಂಬಿಟ್ಟಿದ್ರು. ನಿನ್ನೆಯೆಲ್ಲ ಮೋಡ ಇತ್ತಲ್ಲ, ಬಿಸಿಲು ಬಂದಿದ್ದು ಈಗ."

ಅಪ್ಪ ಹೋಗಿದ್ದು ನಿನ್ನೆ ಬೆಳಗ್ಗೆ. ಅವನ ಕೊಳೆಬಟ್ಟೆಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ಮೋಡ ಕವಿದ್ರೆ ನಮ್ಮ ಬಿಸಿಲಣ್ಣನ ಮುಖಾನೂ ಹಾಗೇ ಆಗ್ತಿತ್ತು," ಎಂದರು ಮೇಷ್ಟ್ರು. ಒಬ್ಬಿಬ್ಬರು ನಕ್ಕು, ಹೆಣದ ಕಡೆ ನೋಡಿ, ಗಂಟಲು ಸರಿಮಾಡಿಕೊಂಡರು.

ಬಿಸಿಲಣ್ಣ ಎಂಬುದು ಬೀದಿ ಇಟ್ಟ ಹೆಸರು. ಮೂವತ್ತನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿಕೊಂಡು ಕತ್ತಲೆ ಗುಂಡಿಗಳಲ್ಲೇ ಆಯಸ್ಸು ಕಳೆದ ಮನುಷ್ಯನಿಗೆ ಕೆಲಸ ಬಿಟ್ಟಮೇಲೆ ಸೂರ್ಯನ ಹುಚ್ಚು ಹಿಡಿದಿತ್ತು. ತಾರಸಿ ತುಂಬ ಸೋಲಾರ್ ಹಲಗೆ ಹಾಕಿಸಿದ. ನಡುಹಗಲಲ್ಲಿ ಮನೆಗೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಬರುತ್ತಿತ್ತು. ಅದು ಸುಮ್ಮನೆ ಪೋಲಾಗುವುದನ್ನು ಕಂಡರೆ ಅವನ ಹೊಟ್ಟೆ ಉರಿಯುತ್ತಿತ್ತು. ಗುಜರಿಗೆ ಹೋದ ಲಿಫ್ಟುಗಳ ಸ್ವಿಚ್ಚುಗಳನ್ನು ಕಿತ್ತು ತಂದು, ತಗಡಿನ ಡಬ್ಬಿಯೊಂದರಲ್ಲಿ ಕೂರಿಸಿ, ಬಿಸಿಲು ಏರಿದಂತೆ ಮನೆಯ ಒಂದೊಂದೇ ಕೆಲಸವನ್ನು ತಾನಾಗಿ ಹಚ್ಚುವ, ಇಳಿದಂತೆ ತಾನಾಗಿ ನಿಲ್ಲಿಸುವ ಏರ್ಪಾಟು ಮಾಡಿದ.

ಅವನ ಹೆಂಡತಿ ಹೊಲಿಗೆ ಕೋಣೆಯಲ್ಲಿದ್ದಳು. ಕಾಯಿಲೆ ಅವನನ್ನು ಮೂರೇ ತಿಂಗಳಲ್ಲಿ ಅರ್ಧ ಮಾಡಿತ್ತು. ಇದ್ದೊಂದು ಒಳ್ಳೆಯ ಅಂಗಿ ಅವನ ಮೈಗೆ ಎರಡು ಪಟ್ಟು ದೊಡ್ಡದಾಗುತ್ತಿತ್ತು. ಹನ್ನೆರಡಕ್ಕೆ ಗಾಡಿ ಬರುವುದಿತ್ತು. ಅಷ್ಟರೊಳಗೆ ಅಂಗಿಯನ್ನು ಎರಡೂ ಪಕ್ಕ ಹಿಡಿದು ಹೊಲಿಯಬೇಕೆಂದು ಅವಳ ಹಟ. ಊರವರ ಬಟ್ಟೆಯಲ್ಲಿ ಒಂದು ಹೊಲಿಗೆ ಸೊಟ್ಟಗಾದರೂ ಬಿಚ್ಚಿ ಮತ್ತೆ ಹೊಲಿಯುವವಳು ಗಂಡನನ್ನು ಜೋತುಬಿದ್ದ ಅಂಗಿಯಲ್ಲಿ ಕಳಿಸಿಯಾಳೆ? ಆದರೆ ನಿನ್ನೆಯಿಂದ ನಿಂತೂ ನಿಂತೂ ಮಂಡಿ ಊದಿಕೊಂಡಿತ್ತು. ಹೊಲಿಗೆಯಂತ್ರವನ್ನು ನಾಲ್ಕು ಸಲ ತುಳಿದರೆ ಐದನೆಯದಕ್ಕೆ ಕಾಲು ಏಳುತ್ತಿರಲಿಲ್ಲ.

"ಹಿಂದುಗಡೆ ಪಿನ್ನು ಚುಚ್ಚಿದ್ರೆ ಆಗುತ್ತೆ ಬಿಡಮ್ಮ," ಎಂದಳು ಬಾಗಿಲಿಗೆ ಬಂದ ಮಗಳು. "ಯಾರು ನೋಡ್ತಾರೆ?"

"ನಾನು ನೋಡ್ತೀನಿ."

"ಹಾಗಾದ್ರೆ ಅಪ್ಪ ಕೂರಿಸಿದ ಆ ಮೋಟರಾದ್ರೂ ಹಾಕ್ಕೋ."

"ಮಿಕ್ಕಿದ್ದು ನನಗೆ ಬೇಡ." ಅವಳು ಗೋಡೆಯಾಚೆ ನಿಂತಿದ್ದ ಗಂಡನ ಗೆಳೆಯನನ್ನು ಕೂಗಿದಳು: "ಟೆಸ್ಟರ್, ಇದೀಯೇನಪ್ಪಾ? ಆ ಡಬ್ಬಿ ಇವತ್ತೇ ಬಿಚ್ಚಿ ತಗೊಂಡು ಹೋಗು."

*

ಎಂಟು ವರ್ಷದ ಹಿಂದೆ ಆ ಡಬ್ಬಿಯನ್ನು ಹೊಲಿಗೆ ಕೋಣೆಯ ಹೊರಗೋಡೆಗೆ ಬಿಗಿದು, ಬಿಸಿಲಣ್ಣ ಮುಚ್ಚಳದ ಒಳಗೊಂದು ರಟ್ಟು ಅಂಟಿಸಿದ್ದ. ಹೆಂಡತಿಯ ಹೊಲಿಗೆಯಂತ್ರಕ್ಕೂ ಹೊಸ ಮೋಟರು ಕೂರಿಸಿದ್ದ. ಬಾ ನೋಡು ಎಂದು ಕರೆದ. ಅವಳು ಕನ್ನಡಕ ಏರಿಸಿ ಓದಿದಳು. ಒಂದು, ಗಿಡಗಳಿಗೆ ನೀರು. ಎರಡು, ಬಿಸಿನೀರು. ಮೂರು, ಬಟ್ಟೆ ಒಗೆಯುವುದು. ನಾಲ್ಕು, ಟ್ಯಾಂಕಿನ ಪಂಪು. ಐದು, ಮುಂದಿನ ಕೋಣೆ ಫ್ಯಾನು. ಆರು, ಅವಳು.

"ಕೊನೇಲಿ ನಾನಾ?"

"ಹ್ಞೂ, ನಿಂದೇ ಕೊನೆ," ಎಂದು ಅವನು ಮುಖವರಳಿಸಿ ನಿಂತ.

ಗುಲಾಬಿ ಗಿಡಕ್ಕೂ ಕಡೆಯಾದೆನಲ್ಲ ಎಂದು ಅವಳ ಎದೆ ಧಗ್ಗೆಂದಿತು. ಅಂದು ಮಧ್ಯಾಹ್ನವೇ ಮೋಟರಿನ ಬೆಲ್ಟು ಕಳಚಿ ಮೊಳೆಗೆ ನೇತುಹಾಕಿ, ಎಂದಿನಂತೆ ತುಳಿಯತೊಡಗಿದಳು. ಯಾಕೆ ಎಂದು ಅವನು ಒಂದೇ ಸಲ ಕೇಳಿದ. ಕಾಲಿಗೆ ವ್ಯಾಯಾಮ ಎಂದಳು. ಪುಣ್ಯಾತ್ಮ ನಂಬಿದ. ಆದರೂ ತಿಂಗಳಿಗೊಮ್ಮೆ ಬಂದು ತಿರುಗದ ಮೋಟರಿನ ಧೂಳು ಒರೆಸಿ ಎಣ್ಣೆ ಬಿಟ್ಟು ಹೋಗುತ್ತಿದ್ದ. ಹೆಂಡತಿಗಿಂತ ಯಂತ್ರದ ಮೇಲೇ ಪ್ರೀತಿ ಎಂದು ಅವಳು ಅದಕ್ಕೂ ಉರಿದುಕೊಂಡಳು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಮನೆಯಲ್ಲಿ ಇಬ್ಬರೂ ಬಂಗಾರವನ್ನೇ ಕೂಡಿಟ್ಟರು.

*

ಟೆಸ್ಟರ್ ಎಂದರೆ ಬಿಸಿಲಣ್ಣನ ಜೊತೆ ಲಿಫ್ಟಿನ ಕೆಲಸದಲ್ಲಿದ್ದ ಗೆಳೆಯ. ಸಾವಿನ ಮನೆಗೂ ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡೇ ಬಂದಿದ್ದ. ಡಬ್ಬಿಯ ಮುಚ್ಚಳ ತೆಗೆದು ಸ್ವಿಚ್ಚುಗಳನ್ನು ಒಂದೊಂದಾಗಿ ನೋಡಿದ.

"ಅತ್ತಿಗೆ, ಆರನೇದರ ಮೇಲೆ ಒಂದು ಕಪ್ಪು ಕಲೆನೂ ಇಲ್ಲ, ಒಂದು ದಿನಾನೂ ಕೆಲಸ ಮಾಡಿದ ಹಾಗಿಲ್ಲ. ಯಾಕೆ?"

"ಪಟ್ಟಿ ಓದು. ಎಲ್ಲದಕ್ಕೂ ಕೊಟ್ಟು ಮಿಕ್ಕಿದ್ರೆ ನನಗೆ."

ಅವನು ಓದಿದ. ಕಿಟಕಿಯಿಂದ ಅವಳನ್ನು ನೋಡಿದ.

"ಇದು ಕೊಡೋ ಪಟ್ಟಿ ಅಲ್ಲ ಅತ್ತಿಗೆ, ಕಿತ್ಕೊಳ್ಳೋ ಪಟ್ಟಿ. ಬಿಸಿಲು ಕಮ್ಮಿ ಆದ್ರೆ ಮೊದ್ಲು ಯಾವುದನ್ನ ನಿಲ್ಲಿಸ್ಬೇಕು ಅಂತ ಬರೆದಿರೋದು. ಮೊದ್ಲು ಗಿಡದ ನೀರು, ಆಮೇಲೆ ಬಿಸಿನೀರು..." ಅವನ ಬೆರಳು ರಟ್ಟಿನ ಮೇಲೆ ಇಳಿಯುತ್ತಾ ತಳದಲ್ಲಿ ನಿಂತಿತು. "ಲಿಫ್ಟಿಗೆ ನಾವು ಹೀಗೇ ಬರೀತಿದ್ವಿ. ಕರೆಂಟು ಕೈಕೊಟ್ರೆ ಒಂದೊಂದೇ ಬಿಡ್ತಾ ಬರೋದು. ಒಳಗೆ ಜನ ಇರ್ತಾರಲ್ಲ, ಆ ದೀಪಾನ ಮಾತ್ರ ಎಲ್ಲಕ್ಕಿಂತ ಕೊನೇಲಿ ಬರೆಯೋದು."

"ಬೆಳಗ್ಗೆ ಬಿಸಿಲು ಬಂದಾಗ?"

"ಆಗ ತಳದಿಂದ ಮೇಲಕ್ಕೆ. ಮೊದ್ಲು ನಿಮ್ಮದೇ."

ಅವಳು ಅಂಗಿಯನ್ನು ಮಡಿಲಲ್ಲಿ ಮುದ್ದೆ ಮಾಡಿಕೊಂಡು ಕೂತಳು. ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು, ಅವನ ಮೇಲೂ ತನ್ನ ಮೇಲೂ.

"ನಿಂದೇ ಕೊನೆ ಅಂದ್ರು. ಅಷ್ಟೇ ಅಂದಿದ್ದು."

"ಜಂಬದಿಂದ ಅಂದಿರ್ತಾನೆ."

"ಇನ್ನೊಂದು ಮಾತು ಜಾಸ್ತಿ ಆಡಿದ್ರೆ ಬಾಯಿ ಸವೀತಿತ್ತಾ, ಮಹಾರಾಯಾ," ಎಂದಳು ಮುಂದಿನ ಕೋಣೆಯ ಕಡೆ ತಿರುಗಿ. "ನನಗಾದ್ರೂ ಕೇಳೋಕೆ ಏನಾಗಿತ್ತು."

ಬೀದಿಯಲ್ಲಿ ಗಾಡಿ ಬಂದು ನಿಂತ ಸದ್ದಾಯಿತು.

"ಅಮ್ಮ, ಬಂದ್ರು. ಪಿನ್ನು ತರ್ಲಾ?" ಎಂದಳು ಮಗಳು.

"ಬೇಡ, ಕಾಯೋಕೆ ಹೇಳು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಟೆಸ್ಟರ್, ಮೊಳೆ ಮೇಲೆ ಬೆಲ್ಟಿದೆ. ಹಾಕಿಕೊಡು."

ಟೆಸ್ಟರ್ ಒಳಗೆ ಬಂದು ಬೆಲ್ಟು ಹಾಕಿಕೊಟ್ಟು ಮತ್ತೆ ಡಬ್ಬಿಯ ಹತ್ತಿರ ಹೋದ. ಮೋಟರು ನಿನ್ನೆ ಮೊನ್ನೆ ಕೂರಿಸಿದ್ದೋ ಎಂಬಂತೆ ತಡವರಿಸದೆ ತಿರುಗಿತು. ಎಡಪಕ್ಕದ ಹೊಲಿಗೆ ಮುಗಿದು, ಬಲಪಕ್ಕವನ್ನು ಸೂಜಿಯ ಕೆಳಗಿಟ್ಟು ನಾಲ್ಕು ಬೆರಳಗಲ ಹೊಲಿಯುವಷ್ಟರಲ್ಲಿ ಕಿಟಕಿಯಲ್ಲಿ ಬೆಳಕು ಕಂದಿತು. ಮೋಡ.

ಡಬ್ಬಿಯಲ್ಲಿ ಟಕ್ ಎಂದಿತು. ಹಿತ್ತಲಲ್ಲಿ ಗಿಡಗಳಿಗೆ ಬೀಳುತ್ತಿದ್ದ ನೀರು ನಿಂತಿತು. ಇನ್ನೊಂದು ಟಕ್. ಮೂರನೆಯದಕ್ಕೆ ಬಚ್ಚಲುಮನೆಯ ಯಂತ್ರ ಅವನ ಒದ್ದೆ ಬಟ್ಟೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಾಯಿತು. ಪಂಪು ನಿಂತಿತು. ಮುಂದಿನ ಕೋಣೆಯಲ್ಲಿ ಫ್ಯಾನು ನಿಧಾನವಾಗಿ, ನಿಂತೇ ಹೋಯಿತು.

"ಹೋಯ್ತಾ ಕರೆಂಟು?" ಎಂದರು ಮೇಷ್ಟ್ರು.

ಟೆಸ್ಟರ್ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ನಿಂತಿದ್ದ. ಒಳಗೆ ಅವಳು ತಲೆ ಎತ್ತಲಿಲ್ಲ. ಊದಿದ ಕಾಲು ಮೋಟರಿನ ಸಣ್ಣ ಗುಂಡಿಯ ಮೇಲೆ ಅಲುಗದೆ ಕೂತಿತ್ತು. ಸೂಜಿ ಅವನ ಅಂಗಿಯ ಬಲಪಕ್ಕದಲ್ಲಿ ಕಂಕುಳಿನಿಂದ ಕೆಳಗಿನ ಅಂಚಿನವರೆಗೆ ಒಂದೇ ಸಮನೆ ಓಡಿತು.