ಉಸ್ತಾದರ ಕಲ್ಲಿನ ತೂಕ

ಕಡಿಮೆ, ಇನ್ನೂ ಒಂದು ತುಂಡು ಬೇಕು, ಡಬ್ಬಿ ಮೊಣಕಾಲ ಮಟ್ಟಕ್ಕೆ ಏರುವಷ್ಟರಲ್ಲೇ ಮನ್ಮಥಪ್ಪನ ಭುಜಕ್ಕೆ ಗೊತ್ತಾಗಿಬಿಟ್ಟಿತು, ಭುಜಕ್ಕೆ ಸುಳ್ಳು ಹೇಳಲು ಬರುವುದಿಲ್ಲ, ಅದೇನಿದ್ದರೂ ಬಾಯಿಯ ಕಸುಬು — ಕೆಳಗಿಟ್ಟ, ನೇಗಿಲಿನ ಮುರಿದ ಕುಳವೊಂದನ್ನು ಹಸಿ ಸಿಮೆಂಟಿನೊಳಗೆ ಒತ್ತಿದ, ಗುಳುಮ್ಮನೆ ನುಂಗಿತು, ಒಂದು ಗುಳ್ಳೆ ಎದ್ದು ಒಡೆಯಿತು. ಘಾಸಲೇಟ್ ಎಣ್ಣೆಯ ಹಳೆ ಡಬ್ಬಿ, ಅಡ್ಡ ತೂರಿಸಿದ ಸಲಾಕೆಯೇ ಹಿಡಿಕೆ, ಇದರ ಜೋಡಿ ನಿನ್ನೆಯೇ ಗಟ್ಟಿಯಾಗಿ ಕೂತಿದೆ, ಎರಡೂ ಟ್ರ್ಯಾಕ್ಟರಿನ ಮೂತಿಗೆ ಎಡಕ್ಕೊಂದು ಬಲಕ್ಕೊಂದು ನೇತುಬೀಳಬೇಕು, ಇಲ್ಲವಾದರೆ ಶಿವರಾಜಪ್ಪ ಸಾವ್ಕಾರರ ಆ ಹೊಸ ಯಂತ್ರ ಎಕಂಬಾದ ಎರೆಹೊಲದಲ್ಲಿ ದೊಡ್ಡ ನೇಗಿಲು ಜಗ್ಗುವಾಗ ಕುದುರೆಯ ಹಾಗೆ ಮುಂಗಾಲು ಎತ್ತಿ ನಿಲ್ಲುತ್ತದೆ, ಮೊನ್ನೆ ಹಾಗೇ ನಿಂತಿತ್ತು, ಸೀಟಿನ ಮೇಲಿದ್ದ ಮನ್ಮಥಪ್ಪನಿಗೆ ಬರೀ ಆಕಾಶ ಕಂಡಿತ್ತು, ಎಷ್ಟು ನೀಲಿ, ಸಾಯುವುದು ಇಷ್ಟು ಸುಮ್ಮನೆ ಇರುತ್ತದೇನು ಅನಿಸಿತ್ತು. ಕಂಪನಿಯ ತೂಕ ಹೈದರಾಬಾದಿನಿಂದ ಬರೋದ್ರಾಗ ಬಿತ್ತಗಿ ಮುಗೀತದ, ನೀನೇ ಏನರ ಮಾಡೋ ಎಂದಿದ್ದರು ಸಾವ್ಕಾರರು. ಒಂದು ಹೆಚ್ಚು ಒಂದು ಕಡಿಮೆಯಾದರೆ ಗಾಡಿ ಒಂದೇ ಕಡೆ ಎಳೆಯುತ್ತದೆ, ಇಷ್ಟು ಭಾರ ತೂಗುವ ತಕ್ಕಡಿ ಠಾಣಾ ಕುಶನೂರಿನಲ್ಲಿ ಎಲ್ಲಿದೆ, ಅವನ ಮೈಗೆ ಬಾಯಿಪಾಠವಾದ ತೂಕ ಒಂದೇ, ಯಾಕೂಬ ಉಸ್ತಾದರ ಕುಸ್ತಿ ತಾಲೀಮಿನ ಗುಂಡುಕಲ್ಲು, ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಎತ್ತಿದ್ದು. ತಾಲೀಮಿನ ಆ ಗರಡಿಮನೆಯ ಸೂರು ಕುಸಿದಿದೆ, ಕಲ್ಲನ್ನು ಯಾರೋ ಬಾವಿಗೆ ಉರುಳಿಸಿದರು, ತೂಕ ಮಾತ್ರ ಇವನ ತೋಳಿನಲ್ಲೇ ಉಳಿದಿದೆ, ಆ ಕಲ್ಲಿನಷ್ಟೇ ಒಂದು ಡಬ್ಬಿ, ಆ ಕಲ್ಲಿನಷ್ಟೇ ಇನ್ನೊಂದು.

ಉಸ್ತಾದರು ಅಲ್ಲೇ ಕೂತಿದ್ದಾರೆ, ಬೇವಿನ ಕಟ್ಟೆಯ ಮೇಲೆ, ಎಲೆಗಳ ನೆರಳು ಅವರ ಬಿಳಿ ಗಡ್ಡದ ಮೇಲೆ ಆಡುತ್ತಿದೆ, ನಿಜವಾಗಿಯೂ ಬಂದಿದ್ದಾರೋ ಬಿಸಿಲಿಗೆ ತನಗೇ ಹಾಗೆ ಕಾಣುತ್ತಿದೆಯೋ — ಬಂದಿದ್ದಾರೆ, ನಾಲ್ಕು ವರ್ಷದ ಮೇಲೆ, ಮುಂಜಾನೆಯ ಬಸ್ಸಿಗೆ, ಮನೆ ಮಾರಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೂ ಆಯಿತು, ಮಧ್ಯಾಹ್ನದ ಬಸ್ಸಿಗೆ ಭಾಲ್ಕಿ, ಅಲ್ಲಿಂದ ರೈಲಿಗೆ ಹೈದರಾಬಾದು, ಇನ್ನು ಈ ಊರಿಗೆ ಬರುವ ಕಾರಣವಿಲ್ಲ. ಹೇಳುವುದಿದ್ದರೆ ಬಸ್ಸು ಬರುವುದರೊಳಗೆ ಹೇಳಬೇಕು, ಹೇಳಪ್ಪಾ ಮನ್ಮಥ, ನಾಲ್ಕು ವರ್ಷ ಗಂಟಲಲ್ಲಿ ಇಟ್ಟುಕೊಂಡು ತಿರುಗಿದ್ದೀಯಲ್ಲ, ಉಗುಳಿಬಿಡು. ಮನ್ಮಥಪ್ಪನ ಹೆಂಡತಿ ಗುಂಡಮ್ಮ ಚಹಾ ತಂದುಕೊಟ್ಟಳು, ಉಸ್ತಾದರ ಹೆಂಡತಿಯನ್ನು ನೆನೆದು ಹಾಜಿರಾಬೀ ಹ್ಯಾಂಗದಾರ್ರಿ ಎಂದು ಕೇಳಿದಳು, ಬೀದರ ಮುಟ್ಟೋದ್ರಾಗ ಹೋದಳವ್ವ, ಎರಡು ದಿನ ಜ್ವಾಳದ ಹೊಲದಾಗ ಮಳ್ಯಾಗ ನೆನದಿದ್ದಳು, ಜ್ವರ ಇಳೀಲಿಲ್ಲ ಎಂದರು ಉಸ್ತಾದರು, ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು. ಗುಂಡಮ್ಮ ಗಂಡನ ಕಡೆ ನೋಡಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಜೋಳದ ಹೊಲ — ನಾಲ್ಕು ವರ್ಷದ ಹಿಂದೆ, ಪೊಲೀಸ್ ಆ್ಯಕ್ಷನ್ನಿನ ಆ ಭಾದ್ರಪದದಲ್ಲಿ ಜೋಳ ಎದೆಮಟ್ಟ ನಿಂತಿತ್ತು, ನಿಜಾಮ ಸೋತನಂತೆ ಎಂದು ಊರೆಲ್ಲ ಬೀದಿಗೆ ಬಿದ್ದಿತ್ತು, ನಿಜಾಮನ ರಜಾಕಾರರ ಮೇಲಿನ ಸಿಟ್ಟು ರಜಾಕಾರರಲ್ಲದ ಮುಸಲ್ಮಾನರ ಓಣಿಗೂ ನುಗ್ಗಿತ್ತು, ಕೂಗು ಹತ್ತಿರ ಬರುತ್ತಿದ್ದಾಗ ಬಾಗಿಲಿಗೆ ಬಡಿತ, ಉಸ್ತಾದರ ದನಿ, ಮನ್ಮಥ, ಬಾಗಲಾ ತೆಗಿ, ಹಾಜಿರಾ ಅದಾಳ ಸಂಗಟ. ತೆಗೀರಿ ಎಂದಳು ಗುಂಡಮ್ಮ, ಅವನ ಅಂಗೈ ಅಗಳಿಯ ಮೇಲೆ, ತೆಗೆಯಲಿಕ್ಕೆಂದೇ ಹೋದ ಕೈ, ತೆಗೆದರೆ ಆ ಕೂಗು ತನ್ನ ಮನೆಗೂ ನುಗ್ಗೀತು ಎನಿಸಿ ಅಲ್ಲೇ ಒತ್ತಿ ಹಿಡಿದ ಕೈ, ಆ ಕಡೆ ಉಸ್ತಾದರು, ಈ ಕಡೆ ಇವನು, ನಡುವೆ ಒಂದು ಬೆರಳು ದಪ್ಪದ ಹಲಗೆ, ಆಮೇಲೆ ಹಾಜಿರಾಬೀಯ ಬಳೆಯ ಸದ್ದು ಹೊಲದ ಕಡೆ ದೂರವಾಯಿತು. ಮನೆಯಲ್ಲಿ ಯಾರೂ ಇಲ್ಲವೆಂದು ಉಸ್ತಾದರು ತಿಳಿದಿರಬೇಕು, ಹಾಗೇ ತಿಳಿದಿರಲಿ ಎಂದು ಲಿಂಗಪೂಜೆಗೆ ಕೂತಾಗಲೆಲ್ಲ ಬೇಡಿಕೊಂಡ ಹೇಡಿ ಇವನು.

ಎತ್ತು, ನೋಡ್ತೇನಿ ಎಂದರು ಉಸ್ತಾದರು ಬೇವಿನ ಕಟ್ಟೆಯಿಂದ. ಬಾಗಿದ, ಸೊಂಟ ಇಳಸು, ಉಸಿರು ಹೊಟ್ಟ್ಯಾಗ ಹಿಡಿ, ಅದು ಈಗ ಹೇಳಿದ್ದೋ ಆಗ ಹೇಳಿದ್ದೋ, ತಾಲೀಮಿನ ಕೆಂಪು ಮಣ್ಣು, ಎಣ್ಣೆ ಬೆರೆತ ಬೆವರಿನ ವಾಸನೆ, ಡಬ್ಬಿ ಮೊಣಕಾಲು ದಾಟಿತು, ಹೊಟ್ಟೆ ದಾಟಿತು, ಎದೆಗೆ ಬಂದು ಕೂತಿತು, ಸರಿ ಇದೆ, ಗುಂಜಿಯಷ್ಟೂ ಹೆಚ್ಚುಕಡಿಮೆಯಿಲ್ಲ, ಅದೇ ಕಲ್ಲು. ಎತ್ತಿದ್ದನ್ನು ಉಸ್ತಾದರು ಇಳಿಸು ಅನ್ನುವ ತನಕ ಇಳಿಸುವಂತಿಲ್ಲ, ತಾಲೀಮಿನ ಕಾಯಿದೆ, ಎಂಥ ಪೈಲವಾನನೂ ಮೀರಿದ್ದಿಲ್ಲ. ಜನವಾಡದ ಪೈಲವಾನ ಮಕ್ಸೂದ ಒಮ್ಮೆ ಮೂಗಿನಲ್ಲಿ ರಕ್ತ ಇಳಿದರೂ ಹಿಡಿದು ನಿಂತಿದ್ದ, ಉಸ್ತಾದರು ನಕ್ಕು ಇಳಿಸು ಅಂದಿದ್ದರು. ದೂರದಲ್ಲಿ ಬಸ್ಸಿನ ಹಾರ್ನು, ಈಗ, ಈಗ ಹೇಳದಿದ್ದರೆ ಮಣ್ಣಿಗೆ ಹೋಗುವ ತನಕ ಇಲ್ಲ — ಅವತ್ತ ನಾ ಒಳಗೇ ಇದ್ದೆರಿ ಉಸ್ತಾದ, ಅಗಳಿ ಹಿಡಕೊಂಡು ನಿಂತಿದ್ದೆರಿ.

ಗೊತ್ತದ, ಎಂದರು ಯಾಕೂಬ, ಹಲಗಿ ಹಿಂದ ನಿನ್ನ ಉಸಿರು ಕೇಳಸ್ತಿತ್ತು, ಆ ಉಸಿರು ನಾನೇ ಕಲಿಸಿದ್ದಲ್ಲೇನು.

ಎದ್ದರು, ಗಂಟು ಹೆಗಲಿಗೇರಿಸಿದರು, ಡಬ್ಬಿಯ ಕಡೆ ಒಮ್ಮೆ ನೋಡಿ ತೂಕ ಬರೋಬ್ಬರಿ ಅದ ಎಂದರು, ನಡೆದರು, ಬಸ್ಸು ನಿಂತಿತು, ಹೊರಟಿತು, ಧೂಳು ಎದ್ದಿತು, ಧೂಳು ಕೂತಿತು, ಹೊಸ್ತಿಲಲ್ಲಿ ನಿಂತ ಗುಂಡಮ್ಮ, ಉಸ್ತಾದರು ಹೋದರು, ಇಳಸ್ರಿ ಎನ್ನುತ್ತಿದ್ದಾಳೆ, ಮನ್ಮಥಪ್ಪ ಡಬ್ಬಿಯನ್ನು ಎದೆಗೆ ಇನ್ನೂ ಅವಚಿ ಹಿಡಿದೇ ನಿಂತಿದ್ದಾನೆ, ಹಸಿ ಸಿಮೆಂಟು ಡಬ್ಬಿಯ ಅಂಚಿನಿಂದ ಎದೆಯ ಮೇಲೆ ಇಳಿಯುತ್ತಿದೆ, ಇಳಿಸು ಎನ್ನಲಿಲ್ಲವಲ್ಲ, ಉಸ್ತಾದರು ಇಳಿಸು ಎನ್ನಲೇ ಇಲ್ಲವಲ್ಲ.