ಕೆಂಪು ದಾರ, ನಾಲ್ಕು ಕುದುರೆ

ನನ್ನ ಓರಗಿತ್ತಿ ಹೊಲಿಗೆಯವಳು. ಏಳನೇ ತರಗತಿಗೇ ಶಾಲೆ ಬಿಟ್ಟವಳು. ನಾನು ಗಣಿತದಲ್ಲಿ ಪದವಿ ಪಡೆದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನಗಳಲ್ಲಿ ಇದೇ ಮಾತನ್ನು ದಿನಕ್ಕೆ ನಾಲ್ಕು ಸಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನಮ್ಮ ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅಂಗಡಿ ಮುಚ್ಚಿದ ಮೇಲೆ ಚದುರಂಗದ ಒಗಟುಗಳೇ ಅವರ ಕಸುಬಾಯಿತು. ಆಟ ಆಡುತ್ತಿರಲಿಲ್ಲ. "ಆಟದಲ್ಲಿ ಯಾರಾದ್ರೂ ಸೋಲ್ಲೇಬೇಕು. ಒಗಟಲ್ಲಿ ಯಾರೂ ಸೋಲಲ್ಲ ನೋಡು" ಎನ್ನುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ.

ಪ್ರತಿ ಭಾನುವಾರ ಊಟವಾದ ಮೇಲೆ ಮೇಜಿನ ಮೇಲೆ ಹಲಗೆ ಇಟ್ಟು ಒಂದು ಪ್ರಶ್ನೆ ಹಾಕುವರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಎಂಟು ಮಂತ್ರಿಗಳನ್ನು ಒಬ್ಬರನ್ನೊಬ್ಬರು ಹೊಡೆಯದ ಹಾಗೆ ಕೂರಿಸು ಎಂದರು. ಎರಡು ದಿನದಲ್ಲಿ ಕೂರಿಸಿದೆ. ಅಂದಿನಿಂದ ಅವರ ಎದುರಿನ ಕುರ್ಚಿ ನನ್ನದು. ನನ್ನ ಗಂಡನಿಗಾಗಲಿ ಮೈದುನನಿಗಾಗಲಿ ಅದರ ಗೊಡವೆಯೇ ಇರಲಿಲ್ಲ. ಆ ಮನೆಯಲ್ಲಿ ಉಳಿದವರಿಗೆಲ್ಲ ನಾನು ಅಡುಗೆ ಮಾಡುವವಳು. ನನ್ನ ಓದು ಬೇಕಾಗಿದ್ದದ್ದು ಮಾವನೊಬ್ಬರಿಗೆ.

ಏಳು ವರ್ಷದ ಮೇಲೆ ಮೈದುನನ ಹೆಂಡತಿಯಾಗಿ ಇವಳು ಬಂದಳು, ಜೊತೆಗೊಂದು ಹೊಲಿಗೆ ಯಂತ್ರ. ಒಂದು ಭಾನುವಾರ ಬಾಗಿಲ ಬಳಿ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದವಳು ತಲೆ ಎತ್ತಿ ಕೇಳಿದಳು:

"ಮಾವ, ಆ ಕುದುರೆ ಹೆಂಗೆ ಹೋಗುತ್ತೆ?"

"ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ. ನಡುವೆ ಯಾರಿದ್ರೂ ಹಾರಿ ಹೋಗುತ್ತೆ."

"ಓ! ಹಾಗಾದ್ರೆ ಆ ಮೂಲೆಗೆ ಮೂರೇ ನಡೇಲಿ ಹೋಗಬಹುದಲ್ಲ?"

ನಾನು ಐದು ನಡೆ ಎಂದು ಬರೆದಿಟ್ಟಿದ್ದೆ. ಮಾವ ಎಣಿಸಿ ನೋಡಿ, ಗಟ್ಟಿಯಾಗಿ ನಕ್ಕರು. ನನ್ನ ಉತ್ತರಗಳಿಗೆ ತಲೆದೂಗುತ್ತಿದ್ದರೇ ಹೊರತು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಮುಂದಿನ ಭಾನುವಾರ ಮೇಜಿನ ಬಳಿ ಅವಳಿಗೂ ಒಂದು ಸ್ಟೂಲ್ ಬಂದಿತ್ತು.

ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನನ್ನ ಕೋಟಿನ ಹರಿದ ಜೇಬನ್ನು ಕೇಳದೆಯೇ ಹೊಲಿದು ಗೂಟಕ್ಕೆ ತೂಗುಹಾಕುವಳು. ನನಗೆ ನೆಗಡಿಯಾದರೆ ನನ್ನ ಪಾಲಿನ ಪಾತ್ರೆಗಳನ್ನು ಸದ್ದಿಲ್ಲದೆ ತೊಳೆದಿಡುತ್ತಿದ್ದಳು. 'ಇವಳಿಗೆ ನನ್ನ ಜೇಬಿನಲ್ಲೇನು ಕೆಲಸ' ಎಂದುಕೊಳ್ಳುತ್ತಿದ್ದೆ.

ಮಾವನ ಕಣ್ಣು ಮಂಜಾಗುತ್ತಾ ಬಂತು. ಒಂದು ಭಾನುವಾರ ಅವರು ತಮ್ಮ ಒಗಟಿನ ಪುಸ್ತಕವನ್ನು ಮೇಜಿನ ಮೇಲಿಟ್ಟರು. ನಲವತ್ತು ವರ್ಷ ಕೈಯಾರೆ ಬರೆದ ಪುಸ್ತಕ. ಪ್ರತಿ ಒಗಟಿನ ಕೆಳಗೂ ಬಿಡಿಸಿದವರು ಯಾರೆಂದು ಬರೆದಿರುತ್ತಿದ್ದರು. ಎಂಟು ಮಂತ್ರಿಗಳ ಪುಟದಲ್ಲಿ 'ಹಿರಿಸೊಸೆ' ಎಂದಿತ್ತು.

"ಇನ್ನು ಇದು ನನ್ನ ಕೈಲಾಗಲ್ಲಮ್ಮ," ಎಂದರು. "ಇದೇ ಕೊನೇದು. ಮೂರಕ್ಕೆ ಮೂರರ ಹಲಗೆ, ಒಂಬತ್ತು ಮನೆ. ಮೇಲಿನ ಎರಡು ಮೂಲೇಲಿ ಬಿಳಿ ಕುದುರೆ, ಕೆಳಗಿನ ಎರಡು ಮೂಲೇಲಿ ಕಪ್ಪು. ಅವು ಜಾಗ ಅದಲುಬದಲು ಮಾಡ್ಕೋಬೇಕು. ಒಂದು ಮನೇಲಿ ಒಂದೇ ಕುದುರೆ ಇರಬೇಕು. ಕಡಿಮೆ ಅಂದ್ರೆ ಎಷ್ಟು ನಡೆ? ಯಾಕೆ? ಎರಡೂ ಹೇಳಬೇಕು. ಮೊದಲು ಹೇಳಿದವರಿಗೆ ಈ ಪುಸ್ತಕ."

'ಹಿರಿಸೊಸೆ' ಎಂದು ಬರೆದ ಪುಸ್ತಕ ಇನ್ನೊಬ್ಬಳ ಹೊಲಿಗೆ ಬುಟ್ಟಿಯಲ್ಲಿ, ದಾರದುಂಡೆಗಳ ನಡುವೆ ಬಿದ್ದಿರುವುದನ್ನು ನೆನೆದೇ ನನಗೆ ಮೈ ಉರಿಯಿತು.

ಮೂರು ದಿನ ಕಾಗದದ ಮೇಲೆ ಗೀಚಿದೆ. ಇಪ್ಪತ್ತೆರಡು ನಡೆಯಲ್ಲಿ ಆಯಿತು. ಆಮೇಲೆ ಹದಿನೆಂಟು. ಇನ್ನೂ ಕಡಿಮೆ ಆಗುತ್ತದೋ ಇಲ್ಲವೋ ಗೊತ್ತಾಗಲಿಲ್ಲ, 'ಯಾಕೆ' ಎನ್ನುವುದಂತೂ ಕೈಗೆ ಸಿಗಲೇ ಇಲ್ಲ. ಒಲೆಯ ಮೇಲಿನ ಹಾಲು ಎರಡು ಸಲ ಉಕ್ಕಿತು.

ಬುಧವಾರ ಮಧ್ಯಾಹ್ನ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಏನು ಮಾಡುತ್ತಿದ್ದಾಳೆ ನೋಡೋಣವೆಂದು ಅವಳ ಕೋಣೆಗೆ ಹೋದೆ. ಅವಳು ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಬಂದದ್ದಕ್ಕೊಂದು ನೆಪ ಬೇಕಲ್ಲ, "ಕತ್ತರಿ ಇದೆಯೇನೇ?" ಎಂದು ಕೂಗಿದೆ.

"ಮೇಜಿನ ಮೇಲಿದೆ, ತಗೊಳ್ಳಿ ಅಕ್ಕ!"

ಕತ್ತರಿಯ ಪಕ್ಕದಲ್ಲಿ ಒಂದು ತುಂಡು ಬಟ್ಟೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂಬತ್ತು ಮನೆ. ನಡುವಿನ ಮನೆಗೆ ಯಾವ ಕುದುರೆಯೂ ಬರಲಾರದು, ಅದನ್ನು ಬಿಟ್ಟು ಉಳಿದ ಎಂಟಕ್ಕೂ ಒಂದೊಂದು ಗುಂಡಿ: ಎರಡು ಬಿಳಿ, ಎರಡು ಕಪ್ಪು, ಖಾಲಿ ಮನೆಗಳಿಗೆ ಹಳದಿ. ಕುದುರೆ ಹಾರುವ ಹಾದಿಯಲ್ಲೇ ಗುಂಡಿಯಿಂದ ಗುಂಡಿಗೆ ಕೆಂಪು ದಾರ ಪೋಣಿಸಿ, ಆಮೇಲೆ ಅದನ್ನು ಮೇಲೆತ್ತಿ ಪಕ್ಕದಲ್ಲಿ ಬಿಡಿಸಿಟ್ಟಿದ್ದಳು. ಮೂರು ದಿನ ನನ್ನನ್ನು ಗೋಳುಹೊಯ್ದುಕೊಂಡ ಗೋಜಲೆಲ್ಲ ಅಲ್ಲಿ ಒಂದು ಬಳೆಯಾಗಿ ದುಂಡಗೆ ಬಿದ್ದಿತ್ತು.

ನೋಡಿದ ಗಳಿಗೆಯಲ್ಲೇ ಎಲ್ಲ ಹೊಳೆಯಿತು. ಪದವಿ ಪಡೆದವಳಲ್ಲವೇ!

ಕತ್ತರಿ ಅಲ್ಲೇ ಬಿಟ್ಟು ನೇರವಾಗಿ ಮಾವನ ಬಳಿ ಹೋದೆ.

"ಹದಿನಾರು ನಡೆ ಮಾವ."

"ಯಾಕೆ?"

"ಕುದುರೆ ಹೋಗೋ ಮನೆಗಳನ್ನೆಲ್ಲ ಕೆಂಪು ದಾರದಲ್ಲಿ ಪೋಣಿಸಿ ಬಿಡಿಸಿದ್ರೆ ಒಂದು ಬಳೆ ಆಗುತ್ತೆ. ಬಳೆ ಮೇಲೆ ಒಂದನ್ನೊಂದು ದಾಟೋಕಾಗಲ್ಲ. ಹಾಗಾಗಿ ನಾಲ್ಕೂ ಒಂದೇ ದಿಕ್ಕಿಗೆ ನಾಲ್ಕು ನಾಲ್ಕು ಹೆಜ್ಜೆ ಸುತ್ತಬೇಕು."

ಮಾವ ಬೆರಳಿನಿಂದ ಮೇಜಿನ ಮೇಲೆ ನಿಧಾನವಾಗಿ ಒಂದು ಸುತ್ತು ಎಳೆದರು.

"ಸರಿಯಾಗಿದೆ. ಆದ್ರೆ ಕೆಂಪೇ ಯಾಕಮ್ಮ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಎರಡೂ ಕೈ ಬೆನ್ನ ಹಿಂದೆ ಹೋದವು. ನಾನು ಜನ್ಮದಲ್ಲಿ ಸೂಜಿ ದಾರ ಮುಟ್ಟಿದವಳಲ್ಲ, ಅದು ಮನೆಮಂದಿಗೆಲ್ಲ ಗೊತ್ತು.

"ಬಿಳಿ ದಾರ ಮುಗಿದುಹೋಗಿತ್ತು ಮಾವ." ಅವಳು ತೋಳಿನ ತುಂಬ ಬಟ್ಟೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು. "ಅಕ್ಕ ಬಂದಾಗ ನನ್ನ ಹತ್ರ ಇದ್ದಿದ್ದು ಕೆಂಪೊಂದೇ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ನನ್ನ ಕಡೆ ನೋಡದೆ ದಿಂಬಿನ ಚೀಲ ಮಡಿಸುತ್ತಾ ಒಳಗೆ ಹೋದಳು.

ಮಾವ ಪುಸ್ತಕವನ್ನು ನನ್ನತ್ತ ಸರಿಸಿದರು. ತೆಗೆದುಕೊಂಡೆ. ಕೃತಜ್ಞತೆ ಬರಬೇಕಿತ್ತು, ಬರಲಿಲ್ಲ. ಜಾಣತನವಂತೂ ಅವಳದಾಯಿತು, ಈಗ ದೊಡ್ಡ ಮನಸ್ಸೂ ಅವಳದೇ ಆಯಿತಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು. ನನಗೆಂದು ಏನು ಉಳಿಯಿತು?

ಭಾನುವಾರ ಮಾವ ಎಂದರು, "ಕೊನೇ ಪುಟದಲ್ಲಿ ಹೆಸರು ಖಾಲಿ ಬಿಟ್ಟಿದೀನಿ. ಬಿಡಿಸಿದವರು ಯಾರು ಅಂತ ನೀನೇ ಬರಿ. ನಂಗಿನ್ನು ಅಕ್ಷರ ಕಾಣಲ್ಲ."

ನಾನು ಏನು ಬರೆದರೂ ಅವರು ಓದಲಾರರು. ಅವಳು ಸ್ಟೂಲಿನ ಮೇಲೆ ಕೂತು ಯಾವುದೋ ಅಂಗಿಯ ಕೊರಳುಪಟ್ಟಿ ಬಿಚ್ಚುತ್ತಿದ್ದಳು. ಪುಸ್ತಕದತ್ತ ಕತ್ತೆತ್ತಲೂ ಇಲ್ಲ. ಪೆನ್ನು ಹಿಡಿದೆ. 'ಹಿ' ಎಂದು ಬರೆದೆ. ಪೆನ್ನು ಮುಂದಕ್ಕೆ ಹೋಗಲಿಲ್ಲ. ಅದನ್ನು ಹೊಡೆದುಹಾಕಿ, ಮುಂದೆ ಬರೆದೆ.

"ಏನು ಬರೆದೆ? ಓದಮ್ಮ."

"'ಕಿರಿಸೊಸೆ. ಕೆಂಪು ದಾರದಿಂದ.'" ಪೆನ್ನು ಕೆಳಗಿಟ್ಟೆ. "ನಾನು ಅವಳ ಮೇಜಿನ ಮೇಲೆ ನೋಡಿ ಬಂದು ಹೇಳಿದ್ದು ಮಾವ."

ಹೊಲಿಗೆ ಬಿಚ್ಚುತ್ತಿದ್ದ ಕೈ ನಿಂತಿತು. ಮಾವ ತಲೆದೂಗಿದರು, ಎಂಟು ಮಂತ್ರಿಗಳ ದಿನ ತೂಗಿದ ಹಾಗೆಯೇ.

"ನಂಗೆ ಬುಧವಾರವೇ ಗೊತ್ತಿತ್ತು," ಎಂದರು. "ನೀನು ದಾರ ಅಂದಾಗಲೇ. ಕೆಂಪು ಅನ್ನೋದಂತೂ ಅದರ ಮೇಲೆ."

ಆಮೇಲೆ ನಕ್ಕರು. ಯಾರ ಕಡೆ ತಿರುಗಿ ನಕ್ಕರೆಂದು ಹೇಳಲಾರೆ. ನಾವಿಬ್ಬರೂ ಒಂದೇ ಕಡೆ ಕೂತಿದ್ದೆವು.

ಪುಸ್ತಕವನ್ನು ನಾನೇ ಅವಳ ಹೊಲಿಗೆ ಬುಟ್ಟಿಯಲ್ಲಿಟ್ಟೆ, ದಾರದುಂಡೆಗಳ ನಡುವೆ. ಮಾವ ಹೋಗಿ ಎಷ್ಟೋ ವರ್ಷವಾಯಿತು. ಇಬ್ಬರ ತಲೆಯೂ ನರೆತಿದೆ. ಅದು ಈಗಲೂ ಅದೇ ಬುಟ್ಟಿಯಲ್ಲಿದೆ. ನನಗೆ ಓದಬೇಕೆನಿಸಿದರೆ ಅವಳ ಕೋಣೆಗೆ ಹೋಗಿ ಕೇಳಬೇಕು. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಕನ್ನಡಕದ ಮೇಲಿಂದ ನೋಡಿ,

"ಕತ್ತರಿ ಬೇಕಿತ್ತಾ ಅಕ್ಕ?" ಎನ್ನುತ್ತಾಳೆ.

"ಕೊಡೇ ಸಾಕು," ಎಂದು ಕೈಚಾಚುತ್ತೇನೆ. ಆಗೆಲ್ಲ ಹೊಟ್ಟೆಯಲ್ಲಿ ಚುರುಕ್ಕೆನ್ನುತ್ತದೆ, ಇವತ್ತಿಗೂ.