ಮೇಲಿನ ತಂಡ

ಚಟ್ಟಕ್ಕೆ ಹೆಗಲು ಕೊಟ್ಟಿದ್ದರೂ ಚಲುವರಾಜುವಿನ ಕಿವಿ ಹಿಂದೆ ಬರುತ್ತಿದ್ದವರ ಮಾತಿನ ಮೇಲಿತ್ತು. ತುಳು. ಮತ್ತೆ ತುಳು. ನಡುವೆ ಒಂದು ಸಲ ‘ನಂದನ್’ ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಹೆಣ ಇನ್ನೂ ಹೆಗಲ ಮೇಲಿರುವಾಗಲೇ ಇವರು ತನ್ನ ಮಗನ ಹಣೆಬರಹ ಬರೆಯುತ್ತಿದ್ದಾರಲ್ಲ ಎಂದು ಅವನ ಮೈ ಉರಿಯಿತು.

“ನಿಮ್ಮ ಬದಿ ಓರೆ ಆಗ್ತಾ ಉಂಟು ರಾಜಣ್ಣ, ಸ್ವಲ್ಪ ಎತ್ತಿ” ಎಂದ ಎದುರು ಬದಿಗೆ ಹೆಗಲು ಕೊಟ್ಟಿದ್ದ ಲಕ್ಷಿತ್. ಅವನು ಕಂಪೆನಿಯ ಮೇಲಿನ ಕ್ರಿಕೆಟ್ ತಂಡದ ಕ್ಯಾಪ್ಟನ್.

ಚಟ್ಟದ ಮೇಲಿದ್ದವನು ಕೊಗ್ಗ, ಕಂಪೆನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದವನು. ಮೊನ್ನೆ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಊರಿಗೆ ಕಳಿಸುವುದು ಬೇಡ, ಅವರು ಬಾಳಿದ್ದೆಲ್ಲ ಇಲ್ಲೇ ಎಂದು ಹೆಂಡತಿ ಸ್ವರ್ಣಲತಾ ಹೇಳಿದ್ದರಿಂದ ಮಸ್ಕತ್‌ನಿಂದ ಎಲ್ಲರೂ ಕಂಪೆನಿ ಬಸ್ಸಿನಲ್ಲಿ ಸೋಹಾರ್‌ನ ಸ್ಮಶಾನಕ್ಕೆ ಬಂದಿದ್ದರು. ಕೊಗ್ಗ ಬ್ಯಾಟು ಹಿಡಿದರೆ ಪೊರಕೆ ಹಿಡಿದಂತೆ ಕಾಣುತ್ತಿತ್ತಂತೆ. ಆದರೂ ಕೆಳಗಿನ ತಂಡದ ಹುಡುಗರಲ್ಲಿ ಯಾರು ಪಳಗಿದರು, ಯಾರನ್ನು ಮೇಲಿನ ತಂಡಕ್ಕೆ ಕಳಿಸಬೇಕು ಎಂದು ಇಪ್ಪತ್ತು ವರ್ಷ ಹೇಳುತ್ತಾ ಬಂದವನು ಅವನೇ. ಅವನ ಮಾತನ್ನು ಮೀರಿದವರಿಲ್ಲ.

ಅದೇ ಕಂಪೆನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ಚಲುವರಾಜುವಿಗೆ ಸಿಟ್ಟು ಇದ್ದದ್ದೂ ಅದಕ್ಕೇ. ಅವನ ಮಗ ನಂದನ್ ಅಲ್ಲೇ ಟ್ರೈನಿಯಾಗಿ ಸೇರಿ ಮೂರು ವರ್ಷದಿಂದ ಕೆಳಗಿನ ತಂಡದಲ್ಲೇ ಬೌಲಿಂಗ್ ಮಾಡುತ್ತಿದ್ದ. ಈಗ ಮೇಲಿನ ತಂಡದ ಫಾಸ್ಟ್ ಬೌಲರ್‌ಗೆ ದುಕ್ಮ್‌ಗೆ ವರ್ಗವಾಗಿ ಜಾಗ ಖಾಲಿಯಾಗಿತ್ತು. ಕೊಗ್ಗ ಸಾಯುವ ಮುಂಚೆ ಲಕ್ಷಿತ್‌ನ ಕಿವಿಯಲ್ಲಿ ಏನು ಊದಿ ಹೋದ ಎಂಬುದು ಗೊತ್ತಾಗಬೇಕಿತ್ತು. ಸಾವಿಗೆ ಬಂದವನ ಮನಸ್ಸು ಹೀಗಿರಬಾರದೆಂದು ಚಲುವರಾಜುವಿಗೂ ಗೊತ್ತು. ಆದರೂ ಹಾಗೇ ಇತ್ತು, ಏನು ಮಾಡುವುದು?

ಕೊಗ್ಗನ ಮಗಳು ಯಶ್ಮಿತಾ ಬೆಂಕಿ ಇಟ್ಟಳು. ಗಂಡಸರು ಗೋಡೆಯ ನೆರಳಿಗೆ ಸರಿದರು.

“ಅಷ್ಟು ಸುಲಭದ ಕ್ಯಾಚ್ ಬಿಟ್ಟಿದ್ದೆ” ಎಂದು ಮೇಲಿನ ತಂಡದ ಬಾದುಶಾ ಕಣ್ಣೊರೆಸಿಕೊಂಡ. “ಎಲ್ಲರೂ ಬೈದರು. ಕೊಗ್ಗಣ್ಣ ಒಬ್ಬರೇ ಚಪ್ಪಾಳೆ ಹೊಡೆದದ್ದು. ಬಿಟ್ಟ ಮೇಲೂ ಬಾಲಿನ ಹಿಂದೆ ಓಡಿದೆಯಲ್ಲ, ಅದು ಸಾಕು ಅಂದರು. ಮರುವಾರವೇ ಮೇಲೆ ಕಳಿಸಿದರು.”

ನೀನೂ ಆ ತುಳು ಕಡೆಯವನೇ ಅಲ್ಲವೇನಪ್ಪಾ ಎಂದುಕೊಂಡ ಚಲುವರಾಜು.

*

ಕಳೆದ ಚಳಿಗಾಲದಲ್ಲಿ ಅವನು ಕೆಳಗಿನ ತಂಡದ ಆಟ ನೋಡಲು ಒಂದೇ ಒಂದು ಸಲ ಹೋಗಿದ್ದ. ಹುಲ್ಲಿಲ್ಲದ ಮೈದಾನ, ಕಾಂಕ್ರೀಟಿನ ಮೇಲೆ ಹಾಸಿದ ಮ್ಯಾಟು, ಬಾಯಿ ತುಂಬ ದೂಳು. ಬೌಂಡರಿಯ ಗೆರೆಯ ಮೇಲೆ ನಿಂತು ಅವನು ಪ್ರತಿ ಎಸೆತಕ್ಕೂ ಕೂಗಿ ಕೂಗಿ ಹೇಳಿಕೊಟ್ಟ. ನಂದನ್ ವೈಡಿನ ಮೇಲೆ ವೈಡ್ ಹಾಕಿದ.

ಆಟ ಮುಗಿದ ಮೇಲೆ ಕೊಗ್ಗನನ್ನು ತಡೆದು ಕೇಳಿದ. “ಏನ್ರೀ, ನನ್ ಮಗನಿಗೆ ಏನ್ ಕಮ್ಮಿ ಆಗಿದೆ?”

“ಒಳ್ಳೆ ಬೌಲರ್ ಮಾರಾಯ್ರೆ. ಆದ್ರೆ ಇವತ್ತು ಬಾಲ್ ಬಿಟ್ಟ ಮೇಲೆ ಅವ ಬ್ಯಾಟ್ಸ್‌ಮನ್‌ನ ನೋಡ್ಲೇ ಇಲ್ಲ.”

“ಇನ್ಯಾರನ್ನ ನೋಡ್ದ?”

ಕೊಗ್ಗ ಹುಡುಗರತ್ತ ತಿರುಗಿ ತುಳುವಿನಲ್ಲಿ ಏನೋ ಕೇಳಿದ. ಆಟ ನೋಡಲು ಬಂದಿದ್ದ ಲಕ್ಷಿತ್ ಬೇರೆ ಕಡೆ ನೋಡಿದ. ಶೂ ಲೇಸು ಬಿಚ್ಚುತ್ತಿದ್ದ ನಂದನ್ ತಲೆ ಅಲ್ಲಾಡಿಸಿದ. ಬೆವರು ಕೊಡವಿಕೊಂಡನೆಂದು ಅಪ್ಪ ತಿಳಿದ. ಎದುರಿಗೆ ನಿಂತವನಿಗೆ ತಿಳಿಯದ ಭಾಷೆಯಲ್ಲಿ ಆಡುವ ಮಾತು ಒಳ್ಳೆಯದಿರುತ್ತದೆಯೇ?

“ಅಮೇರಾತ್‌ನ ಹುಲ್ಲಿನ ಮೈದಾನದಲ್ಲಿ ಮೇಲಿನ ತಂಡಕ್ಕೆ ಆಡು, ಒಂದು ಮ್ಯಾಚೂ ಬಿಡದೆ ಬರ್ತೀನಿ. ಈ ದೂಳಿಗೆ ಮಾತ್ರ ಕಾಲಿಡಲ್ಲ” ಎಂದು ಅದಕ್ಕೂ ಮುಂಚೆಯೇ, ಎಲ್ಲರಿಗೂ ಕೇಳುವಂತೆ, ಮಗನಿಗೆ ಖಡಾಖಂಡಿತವಾಗಿ ಹೇಳಿದ್ದ.

*

ಸ್ಮಶಾನದ ಶೀಟಿನ ಮಾಡಿನ ಕೆಳಗೆ ಸ್ವರ್ಣಲತಾ ಕೂತಿದ್ದರು. ಅವರೆದುರು ಕುಕ್ಕರುಗಾಲಲ್ಲಿ ಕೂತು ಯಾರೋ ಸಮಾಧಾನ ಹೇಳುತ್ತಿದ್ದ. ನಿರರ್ಗಳ ತುಳು. ಚಲುವರಾಜು ಹತ್ತಿರ ಹೋದ. ನಂದನ್!

“ಇವ ನಮ್ಮ ಮನೆಗೆ ಬಂದ್ರೆ ಮಾತು ನಿಲ್ಲಿಸುದೇ ಇಲ್ಲ” ಎಂದರು ಸ್ವರ್ಣಲತಾ, ಕಣ್ಣೀರಿನಲ್ಲೇ ನಕ್ಕು. “ಮನೆಯಲ್ಲೂ ಹೀಗೆಯಾ?”

ಮನೆಯಲ್ಲಿ ‘ಓಕೆ’, ‘ಫೈನ್’ ಬಿಟ್ಟು ಮೂರನೆಯ ಮಾತಾಡದ ಹುಡುಗ. ಚಲುವರಾಜು ಮಗನನ್ನು ನಲ್ಲಿಯ ಬಳಿಗೆ ಕರೆದೊಯ್ದ.

“ಯಾವಾಗ ಕಲ್ತೆ?”

“ಟೀಮಲ್ಲಿ ಎಲ್ರೂ ಮಾತಾಡ್ತಾರಲ್ಲ. ಬಂದ್ಬಿಡ್ತು.”

“ಹಾಗಾದ್ರೆ ಅವತ್ತು ಆಯಪ್ಪ ಕೇಳಿದ್ದೂ ನಿನಗೆ ಅರ್ಥ ಆಗಿತ್ತು. ಏನು ಕೇಳಿದ?”

“ಲೀವ್ ಇಟ್, ಅಪ್ಪ.”

“ಹೇಳೋ!”

ನಂದನ್ ನಲ್ಲಿ ತಿರುಗಿಸಿದ. “ಮೇಲೆ ಕಳಿಸ್ಲಾ, ಅಲ್ಲಿಗೆ ನಿನ್ನ ಅಪ್ಪ ವಾರವಾರ ಬರ್ತಾರೆ, ನಿನಗೆ ಆಗ್ತದಾ ಅಂತ ಕೇಳಿದ್ರು.”

“ನೀನು?”

“ಆಗಲ್ಲ ಅಂತ ತಲೆ ಅಲ್ಲಾಡಿಸಿದೆ.” ನೀರು ಸುಮ್ಮನೆ ಹರಿಯುತ್ತಿತ್ತು. “ಆಮೇಲೆ ಅವರೇ ಹೇಳಿದ್ರು. ಅಪ್ಪ ಜಗಳ ತೆಗೆದ್ರೆ ಕೊಗ್ಗನೇ ಬಿಡ್ಲಿಲ್ಲ ಅನ್ನು ಅಂತ.”

ಚಲುವರಾಜುವಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ನೋವಾಯಿತು. ಇಷ್ಟು ದಿನ ಹುಡುಕುತ್ತಿದ್ದ ಕಳ್ಳ ತಾನೇ ಆಗಿದ್ದನಲ್ಲ.

ಲಕ್ಷಿತ್ ಹತ್ತಿರ ಬಂದ. “ನಂದನ್, ಶುಕ್ರವಾರ ಅಮೇರಾತ್‌ನಲ್ಲಿ ಮ್ಯಾಚ್. ‘ಅವ ತಯಾರಿದ್ದಾನೆ, ಅವನಿಗೆ ಬೇಕು ಅನಿಸಿದ ದಿನ ಕರಿ’ ಅಂತ ಕೊಗ್ಗಣ್ಣ ಹೇಳಿದ್ರು. ಬರ್ತೀಯಾ?”

ನಂದನ್ ಥಟ್ಟನೆ ಅಪ್ಪನ ಮುಖ ನೋಡಿದ. ಬಾಲ್ ಬಿಟ್ಟ ಮೇಲೆ ಬೌಂಡರಿಯ ಗೆರೆಯ ಕಡೆಗೆ ಬೀಳುತ್ತಿದ್ದದ್ದು ಇದೇ ನೋಟ. ಹೂಂ ಅನ್ನೋ ಎಂದು ಬಾಯಿಗೆ ಬಂದದ್ದನ್ನು ಚಲುವರಾಜು ನುಂಗಿಕೊಂಡ.

“ನನ್ನ ನೋಡ್ಬೇಡ ಕಣೋ” ಎಂದ. “ನಾನು ಬರಲ್ಲ. ನಿನಗೆ ಏನನ್ಸುತ್ತೋ ಅದನ್ನ ಹೇಳು.”

“ಯೋಚಿಸ್ತೀನಿ” ಎಂದ ನಂದನ್.

ವಾಪಸು ಹೊರಡುವ ಬಸ್ಸಿನೊಳಗೆ ತುಳುವಿನ ಮಾತು ಜೋರಾಗಿತ್ತು. ಚಲುವರಾಜು ಹತ್ತಿದ್ದೇ ತಡ, ಅದು ಮರ್ಯಾದೆಗೆಂದು ಕನ್ನಡಕ್ಕೆ ಹೊರಳಿತು. ಎರಡು ಮಾತಾಡಿ ನಿಂತೇಹೋಯಿತು. ಅವನು ಕೊನೆಯ ಸೀಟಿಗೆ ಹೋಗಿ, ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ.

ಸ್ವಲ್ಪ ಹೊತ್ತಿನ ಮೇಲೆ ಬಾದುಶಾ ಮೆಲ್ಲಗೆ ಏನೋ ಅಂದ. ನಂದನ್ ಉತ್ತರ ಕೊಟ್ಟ. ಮಗನ ದನಿ ಏರಿತು, ಉದ್ದವಾಯಿತು, ನಡುವೆ ನಕ್ಕಿತು, ಅಲ್ಲೇ ಬಿಕ್ಕಿತು, ಮತ್ತೆ ಮುಂದುವರಿಯಿತು. ಒಂದಕ್ಷರವೂ ಅರ್ಥವಾಗಲಿಲ್ಲ. ಚಲುವರಾಜು ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡು, ಯಾರಿಗೂ ಅನುಮಾನ ಬಾರದಂತೆ ಸಣ್ಣಗೆ ಗೊರಕೆ ಹೊಡೆಯತೊಡಗಿದ.